ಅಂಡರ್‌ಟೇಲ್ ಯುದ್ಧ: ಹೊಡೆಯಬೇಕಾ, ಬಿಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆ ಇದೆ. ಭಾನುವಾರ ಮಧ್ಯಾಹ್ನ ಅಲ್ಲಿ ಆರೇಳು ಜನ ಸೇರುತ್ತೇವೆ. ಒಂದೇ ಲ್ಯಾಪ್‌ಟಾಪ್. ಒಬ್ಬರು ಆಡುತ್ತಾರೆ, ಉಳಿದವರು ಹಿಂದೆ ಕೂತು ಕೂಗುತ್ತಾರೆ. ಬೇರೆ ಯಾವ ಆಟಕ್ಕೂ ಆಗದಷ್ಟು ವಾದ ಅಂಡರ್‌ಟೇಲ್‌ಗೆ ಆಗಿದೆ, ಅದೂ ಬರೀ ಅದರ ಯುದ್ಧದ ಬಗ್ಗೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು, ಮತ್ತೆ ಮೊದಲಿಂದ ಹೇಳಬೇಕು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಉತ್ತರಗಳ ಮುಂದೆ "ಗುಟ್ಟು ಇದೆ" ಅಂತ ಹಾಕಿದ್ದೇನೆ. ಆಟ ಇನ್ನೂ ಆಡದವರು ಅವನ್ನು ದಾಟಿ ಹೋಗಿ, ದಯವಿಟ್ಟು.

ಮೊದಲು ಹೇಳಿ, ಇದು ಯಾವ ಆಟ?

ಟೋಬಿ ಫಾಕ್ಸ್ ಅನ್ನುವ ಅಮೆರಿಕದ ಹುಡುಗ ಹೆಚ್ಚೂಕಡಿಮೆ ಒಬ್ಬನೇ ಮಾಡಿದ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ಆಟ. ಚಿತ್ರಗಳಿಗೆ ಟೆಮ್ಮಿ ಚಾಂಗ್ ಸಹಾಯ ಮಾಡಿದರು. 2013ರಲ್ಲಿ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಟೋಬಿ 5,000 ಡಾಲರ್ ಕೇಳಿದ್ದ, 51,000 ಡಾಲರ್‌ಗೂ ಜಾಸ್ತಿ ಬಂತು. 2015ರ ಸೆಪ್ಟೆಂಬರ್ 15ಕ್ಕೆ ಆಟ ಹೊರಬಂತು. ನೋಡಲು 90ರ ದಶಕದ ಆಟದ ಹಾಗೆ ಇದೆ: ದಪ್ಪ ಪಿಕ್ಸೆಲ್, ಯುದ್ಧ ಶುರುವಾದರೆ ಕಪ್ಪು ಪರದೆ ಮೇಲೆ ಬಿಳಿ ಗೆರೆಯ ರಾಕ್ಷಸರು. ನೆಲದ ಕೆಳಗಿನ ರಾಕ್ಷಸರ ಲೋಕಕ್ಕೆ ಬಿದ್ದ ಒಂದು ಮಗು ಮನೆಗೆ ಹೋಗಲು ದಾರಿ ಹುಡುಕುವುದೇ ಕಥೆ.

ಯುದ್ಧದಲ್ಲಿ ಅಂಥಾ ಬೇರೆ ಏನಿದೆ?

ಕೆಳಗೆ ನಾಲ್ಕು ಬಟನ್: ಫೈಟ್, ಆಕ್ಟ್, ಐಟಂ, ಮರ್ಸಿ. ಫೈಟ್ ಒತ್ತಿದರೆ ಒಂದು ಗೆರೆ ಸರಿಯುತ್ತಾ ಬರುತ್ತದೆ, ಅದು ನಡುಮಧ್ಯ ಬಂದಾಗ ಒತ್ತಿದರೆ ಜೋರು ಏಟು. ಇಷ್ಟು ಹಳೆಯ ಆಟಗಳಲ್ಲೂ ಇತ್ತು. ಆಕ್ಟ್ ಒತ್ತಿದರೆ ಎದುರಿಗಿರುವ ರಾಕ್ಷಸನ ಜೊತೆ ಮಾಡಬಹುದಾದ ಬೇರೆ ಕೆಲಸಗಳು ಬರುತ್ತವೆ. ಹೊಗಳಬಹುದು, ತಲೆ ಸವರಬಹುದು, ಜೊತೆಗೆ ಗುನುಗಬಹುದು. ಅದಕ್ಕೆ ಏನು ಬೇಕು ಅಂತ ಗೊತ್ತಾಗಿ, ಅದನ್ನೇ ಮಾಡಿದರೆ ಹೆಸರು ಹಳದಿ ಆಗುತ್ತದೆ. ಆಗ ಮರ್ಸಿ ಒತ್ತಿ ಬಿಟ್ಟುಬಿಡಬಹುದು.

ರಾಕ್ಷಸರ ಸರದಿ ಬಂದಾಗ ಇನ್ನೊಂದು ಆಟವೇ ಶುರು. ಬಿಳಿ ಚೌಕದೊಳಗೆ ನೀವು ಒಂದು ಕೆಂಪು ಹೃದಯ. ನಾಲ್ಕೂ ಕಡೆಯಿಂದ ಗುಂಡು, ಕಣ್ಣೀರು, ಮೂಳೆ, ತರಕಾರಿ ಬರುತ್ತವೆ. ಬಾಣದ ಕೀಲಿಗಳಿಂದ ತಪ್ಪಿಸಿಕೊಳ್ಳಬೇಕು. ಮಾತಾಡಿ ರಾಕ್ಷಸರನ್ನು ಒಲಿಸುವುದು ಶಿನ್ ಮೆಗಾಮಿ ಟೆನ್ಸೇ ಅನ್ನುವ ಜಪಾನಿ ಆಟಗಳಲ್ಲಿ ಮೊದಲೇ ಇತ್ತು, ಗುಂಡು ತಪ್ಪಿಸುವುದು ಟೋಹೋ ಅನ್ನುವ ಜಪಾನಿ ಆಟಗಳಲ್ಲಿತ್ತು. ಎರಡನ್ನೂ ಹೀಗೆ ಒಂದು ಚೌಕದಲ್ಲಿ ಕೂರಿಸಿದ್ದು ಇವನೇ.

ಒಂದು ಉದಾಹರಣೆ ಹೇಳಲೇಬೇಕು. ಸ್ನೋಡಿನ್ ಕಾಡಿನಲ್ಲಿ ಒಂದು ನಾಯಿ ಸಿಗುತ್ತದೆ, ಕೈಯಲ್ಲಿ ಕತ್ತಿ ಗುರಾಣಿ ಹಿಡಿದು ನಿಂತಿರುತ್ತದೆ. ಆಕ್ಟ್‌ಗೆ ಹೋಗಿ ತಲೆ ಸವರಿ. ಖುಷಿಯಿಂದ ಕತ್ತು ಸ್ವಲ್ಪ ಉದ್ದ ಆಗುತ್ತದೆ. ಮತ್ತೆ ಸವರಿ, ಇನ್ನಷ್ಟು ಉದ್ದ. ಬಿಡುವುದಕ್ಕೆ ಅಷ್ಟು ಸಾಕು, ಹೆಸರು ಹಳದಿ ಆಗಿರುತ್ತದೆ. ಆದರೆ ನಮ್ಮ ಕೋಣೆಯಲ್ಲಿ ಇದುವರೆಗೆ ಯಾರೂ ಅಲ್ಲಿಗೇ ನಿಲ್ಲಿಸಿಲ್ಲ. ಕತ್ತು ಪರದೆ ದಾಟಿ ಮೇಲೆ ಹೋಗುವ ತನಕ ಸವರುತ್ತಾರೆ. ಯುದ್ಧದ ಪರದೆಯಲ್ಲಿ ಕೂತು ಆರು ಜನ ಒಂದು ನಾಯಿಯ ತಲೆ ಸವರುತ್ತಾ ನಗುತ್ತಿರುತ್ತಾರೆ, ಇದನ್ನು ಬೇರೆ ಯಾವ ಆಟದಲ್ಲಿ ನೋಡಿದ್ದೀರಿ ಹೇಳಿ.

ಇದನ್ನು ಆರ್‌ಪಿಜಿ ಅನ್ನಬಹುದಾ? ಗುಂಡು ತಪ್ಪಿಸೋ ಆಟ ಅಲ್ವಾ ಇದು?

ನಮ್ಮಲ್ಲಿ ಅತಿ ಹಳೆಯ ಜಗಳ ಇದು. ಹಳೆಯ ಆರ್‌ಪಿಜಿ ಆಡಿ ಬಂದವರಿಗೆ ಇದು ಮೋಸ ಅನಿಸುತ್ತದೆ. ಅವರ ವಾದ ಹೀಗೆ: ಆರ್‌ಪಿಜಿ ಅಂದರೆ ಯೋಚನೆ ಮಾಡಲು ಸಮಯ ಇರಬೇಕು, ಗೆಲ್ಲಬೇಕಾದ್ದು ಲೆಕ್ಕಾಚಾರ, ಬೆರಳಿನ ವೇಗ ಯಾಕೆ ಬೇಕು? ಅವರ ಮಾತಿನಲ್ಲಿ ಹುರುಳಿದೆ. ಬೆರಳು ನಿಧಾನ ಇರುವವರಿಗೆ ಈ ಆಟ ನಿಜಕ್ಕೂ ಕಷ್ಟ.

ಆದರೂ ನಾನು ಇದನ್ನು ಆರ್‌ಪಿಜಿ ಅಂತಲೇ ಹೇಳುತ್ತೇನೆ. ಒಂದು ಭಾನುವಾರ ನಮ್ಮ ಕಾಕಾ ಮೇಲೆ ಬಂದು ಸುಮ್ನೆ ನೋಡುತ್ತಾ ನಿಂತಿದ್ದರು. ಅವರು ಚಿಕ್ಕಂದಿನಲ್ಲಿ ತಾಲೀಮಿಗೆ ಹೋಗಿ ಕುಸ್ತಿ ಆಡಿದವರು. ಹುಡುಗರು "ಇದು ಫೈಟೇ ಅಲ್ಲ, ಬರೀ ಓಡೋದು" ಅಂತ ಗಲಾಟೆ ಮಾಡುತ್ತಿದ್ದರು. ಕಾಕಾ ಹೇಳಿದರು, "ಯಾಕಲೇ, ಎದುರಿನವನ ಕೈಗೆ ಸಿಗದಂಗ ಇರೋದೂ ಕುಸ್ತೀನ ಐತಿ." ನನಗೆ ಇದಕ್ಕಿಂತ ಒಳ್ಳೆ ಉತ್ತರ ಸಿಕ್ಕಿಲ್ಲ. ಹೊಡೆಯದೆ ನಿಲ್ಲುತ್ತೇನೆ ಅಂದವರು ಏಟು ತಪ್ಪಿಸಿಕೊಳ್ಳಲು ಕಲಿಯಲೇಬೇಕು. ಆ ಕಲಿಕೆಯನ್ನು ಟೋಬಿ ಮೆನುವಿನ ಲೆಕ್ಕದಲ್ಲಿ ಇಡದೆ ನಿಮ್ಮ ಕೈಗೇ ಕೊಟ್ಟಿದ್ದಾನೆ. ಪಾತ್ರ ಅನುಭವಿಸುವ ಕಷ್ಟ ನಿಮ್ಮ ಬೆರಳಿಗೂ ಆಗುತ್ತದೆ.

ಮರ್ಸಿಗೆ ಕನ್ನಡದಲ್ಲಿ ಏನಂತೀರಿ?

ಆಟ ಇರುವುದು ಇಂಗ್ಲಿಷ್ ಮತ್ತು ಜಪಾನಿ ಭಾಷೆಯಲ್ಲಿ ಮಾತ್ರ. ನಮ್ಮಲ್ಲಿ ಬರುವ ಮಕ್ಕಳು ಕೆಲವರು ಕನ್ನಡ ಶಾಲೆಯವರು, ಕೆಲವರು ಮರಾಠಿ ಶಾಲೆಯವರು. ಹಾಗಾಗಿ ಯಾರಾದರೂ ಒಬ್ಬರು ಓದಿ ಹೇಳಬೇಕು. ಮೊದಲು ನಾನು "ದಯೆ" ಅಂದೆ. ಪಾಠದ ಪುಸ್ತಕದ ಹಾಗೆ ಕೇಳಿಸಿತು. "ಕ್ಷಮೆ" ಅಂದರೆ ರಾಕ್ಷಸ ಏನೋ ತಪ್ಪು ಮಾಡಿದೆ ಅನ್ನುವ ಅರ್ಥ ಬರುತ್ತದೆ, ಪಾಪ ಅದು ಸುಮ್ನೆ ನಿಂತಿರುತ್ತದೆ.

ಕೊನೆಗೆ ಹೆಸರು ಸಿಕ್ಕಿದ್ದು ಎರಡನೇ ರೈಲ್ವೆ ಗೇಟ್ ಹತ್ತಿರ. ಮಳೆ ಬಿಟ್ಟ ಸಂಜೆ, ಗೇಟ್ ತೆರೆದ ಕೂಡಲೇ ಎಲ್ಲರೂ ಒಮ್ಮೆಲೇ ನುಗ್ಗಿದರು. ಇಬ್ಬರ ಬೈಕ್ ತಾಗಿ ಒಬ್ಬರ ಕನ್ನಡಿ ಮುರಿಯಿತು. ದನಿ ಏರಿತು, ಕಾಲರ್ ತನಕ ಕೈ ಹೋಯಿತು. ಕನ್ನಡಿ ಮುರಿಸಿಕೊಂಡವರೇ ಒಂದು ಕ್ಷಣ ಆ ಇನ್ನೊಬ್ಬರ ಹಿಂದಿನ ಸೀಟಿನಲ್ಲಿ ಕೂತ ಮಗುವನ್ನು ನೋಡಿದರು, "ಹೋಗ್ಲಿ ಬಿಡ್ರಿ" ಅಂದರು, ಗಾಡಿ ಎತ್ತಿಕೊಂಡು ಹೋದರು. ಕನ್ನಡಿಯ ಖರ್ಚು ಅವರದ್ದೇ. ನನ್ನ ಜೊತೆ ಇದ್ದ ಹುಡುಗ ಹೇಳಿದ, "ಅಕ್ಕಾ, ಮರ್ಸಿ ಒತ್ತಿದ್ರು." ಅಂದಿನಿಂದ ನಮ್ಮಲ್ಲಿ ಅದು "ಹೋಗ್ಲಿ ಬಿಡ್ರಿ" ಬಟನ್.

ಬಿಟ್ಟರೆ ನನಗೇನು ಸಿಗುತ್ತದೆ? (ಸ್ವಲ್ಪ ಗುಟ್ಟು ಇದೆ)

ಸ್ವಲ್ಪ ಚಿನ್ನ ಸಿಗುತ್ತದೆ. ಎಕ್ಸ್‌ಪಿ (ಕೊಂದರೆ ಸಿಗುವ ಅಂಕ) ಒಂದೂ ಸಿಗಲ್ಲ. ಯಾರನ್ನೂ ಕೊಲ್ಲದಿದ್ದರೆ ಆಟದ ಕೊನೆಯ ತನಕ ನಿಮ್ಮ ಎಲ್‌ವಿ (ಹಂತ) 1, ಎಚ್‌ಪಿ (ಏಟು ತಡೆಯುವ ಪ್ರಾಣಶಕ್ತಿ) 20. ಕೊಂದರೆ ಎಲ್‌ವಿ ಏರುತ್ತದೆ, ಪ್ರತಿ ಎಲ್‌ವಿಗೆ 4 ಎಚ್‌ಪಿ ಸೇರುತ್ತದೆ, ಕೊನೆಯ ಎಲ್‌ವಿ 20ಕ್ಕೆ ಮಾತ್ರ ನೇರ 99 ಆಗುತ್ತದೆ. ಅಂದರೆ ಒಳ್ಳೆಯವರಾಗಿ ಇರುತ್ತೇನೆ ಅಂದವರಿಗೇ ಆಟ ಕಷ್ಟ.

"ಇದೆಂಥಾ ನ್ಯಾಯ" ಅಂತ ತುಂಬಾ ಜನ ಕೇಳಿದ್ದಾರೆ. ಬೇರೆ ಆಟಗಳಲ್ಲಿ ಒಳ್ಳೆಯ ದಾರಿ ಹಿಡಿದರೆ ಒಳ್ಳೆ ಕತ್ತಿ ಸಿಗುತ್ತದೆ, ಜನ ಉಡುಗೊರೆ ಕೊಡುತ್ತಾರೆ. ಇಲ್ಲಿ ಕನ್ನಡಿಯ ಖರ್ಚು ನಿಮ್ಮದೇ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಲಾಭ ಇದ್ದಿದ್ದರೆ ಬಿಡುವುದೂ ಒಂದು ವ್ಯಾಪಾರ ಆಗುತ್ತಿತ್ತು. ಮೂರನೇ ಸಲ ಸತ್ತು, ಬೆರಳು ನೋಯುವಾಗ, ಫೈಟ್ ಬಟನ್ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಎರಡು ಏಟಿಗೆ ಮುಗಿಯುತ್ತದೆ ಅಂತ ಗೊತ್ತಿರುತ್ತದೆ. ಆಗ ನೀವು ಯಾವ ಬಟನ್ ಮೇಲೆ ಹೋಗುತ್ತೀರಿ ಅನ್ನುವುದನ್ನು ಹಿಂದೆ ಕೂತವರೆಲ್ಲ ನೋಡುತ್ತಿರುತ್ತಾರೆ.

ಟೋರಿಯಲ್‌ಳನ್ನು ಕೊಂದುಬಿಟ್ಟೆ! ಬೇಕಂತ ಮಾಡಿದ್ದಲ್ಲ! (ಗುಟ್ಟು ಇದೆ)

ಗೊತ್ತು. ತುಂಬಾ ಜನರಿಗೆ ಹೀಗೇ ಆಗಿದೆ, ಆಟದ ಬಗ್ಗೆ ಜನ ಜಾಸ್ತಿ ಮಾತಾಡುವುದೂ ಈ ಜಾಗದ ಬಗ್ಗೆಯೇ.

ಟೋರಿಯಲ್ ಮೊದಲ ಭಾಗದಲ್ಲಿ ನಿಮ್ಮನ್ನು ಕೈಹಿಡಿದು ನಡೆಸುವವಳು, ತಾಯಿ ಥರ. ಹೊರಗೆ ಹೋದರೆ ಸಾಯುತ್ತೀಯ ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಮಾತಾಡಿದರೆ ಕೆಲಸ ಆಗಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಪೋಕೆಮಾನ್ ಆಡಿದ ಅಭ್ಯಾಸದಿಂದ, ಸ್ವಲ್ಪ ಹೊಡೆದು ಸುಸ್ತು ಮಾಡಿ ಆಮೇಲೆ ಬಿಡೋಣ ಅಂದುಕೊಳ್ಳುತ್ತಾರೆ. ಅವಳ ಎಚ್‌ಪಿ ಒಂದು ಹಂತಕ್ಕೆ ಇಳಿದ ಮೇಲೆ ಮುಂದಿನ ಏಟು ಒಮ್ಮೆಲೇ ಪ್ರಾಣ ತೆಗೆಯುತ್ತದೆ. ಸರಿಯಾದ ದಾರಿ ಮರ್ಸಿ ಒತ್ತುತ್ತಲೇ ಇರುವುದು, 20ಕ್ಕೂ ಜಾಸ್ತಿ ಸಲ. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ. ಅವಳ ಮಾತು ನಿಧಾನಕ್ಕೆ ಬದಲಾಗುವುದನ್ನು ಗಮನಿಸಿ. ಇನ್ನೊಂದು ವಿಷಯ, ನಿಮ್ಮ ಎಚ್‌ಪಿ ತೀರಾ ಕಡಿಮೆಯಾದರೆ ಅವಳ ಬೆಂಕಿ ನಿಮ್ಮ ಹೃದಯವನ್ನು ಬಿಟ್ಟು ಪಕ್ಕಕ್ಕೆ ಸರಿದು ಹೋಗುತ್ತದೆ. ಅವಳಿಗೆ ನಿಮ್ಮನ್ನು ಕೊಲ್ಲುವ ಮನಸ್ಸಿಲ್ಲ ಅನ್ನುವುದನ್ನು ಬಾಯಲ್ಲಿ ಹೇಳದೆ ಬೆಂಕಿಯಲ್ಲಿ ತೋರಿಸಿದ್ದಾರೆ.

ವಿಜಯಪುರದಿಂದ ನನ್ನ ಅತ್ತೆಯ ಮಗಳು ರಜೆಗೆ ಬಂದಿದ್ದಳು, ಪಿಯುಸಿ ಹುಡುಗಿ. ಅವಳಿಗೂ ಹೀಗೇ ಆಯಿತು. ಏಟು ಬಿದ್ದ ಕೂಡಲೇ ಕೀಬೋರ್ಡಿನಿಂದ ಎರಡೂ ಕೈ ಎತ್ತಿಬಿಟ್ಟಳು, ಬಿಸಿ ತಾಗಿದ ಹಾಗೆ. ತಟ್ಟೆಯಲ್ಲಿದ್ದ ಕುಂದಾ ಹಾಗೇ ಉಳಿಯಿತು. ರಾತ್ರಿ ಮತ್ತೆ ಹಳೆಯ ಸೇವ್ ತೆರೆದು, ಒಬ್ಬಳೇ ಕೂತು, ಟೋರಿಯಲ್‌ಳನ್ನು ಉಳಿಸಿದಳು. ಬಾಗಿಲು ದಾಟಿದ ಮೇಲೆ ಒಂದು ಹೂವು ಬರುತ್ತದೆ. ನೀನು ಅವಳನ್ನು ಮೊದಲು ಕೊಂದಿದ್ದು ನನಗೆ ಗೊತ್ತು, ಪಶ್ಚಾತ್ತಾಪ ಆಗಿ ವಾಪಸ್ ಬಂದಿದ್ದೀಯ ಅನ್ನುವ ಅರ್ಥದ ಮಾತು ಹೇಳುತ್ತದೆ. ಅವಳು ಕೆಳಗೆ ಓಡಿ ಬಂದು ನನ್ನನ್ನು ಎಬ್ಬಿಸಿದಳು, "ಅಕ್ಕಾ, ಅದಕ್ಕ ಹೆಂಗ ಗೊತ್ತಾತು?"

ಹಳೆಯ ಸೇವ್ ತೆರೆದು ಮತ್ತೆ ಆಡಿದರೆ ಎಲ್ಲ ಅಳಿಸಿಹೋಗುತ್ತದೆ ಅಂತ ಬೇರೆ ಆಟಗಳು ನಮಗೆ ಕಲಿಸಿವೆ. ಈ ಆಟ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ವಾಪಸ್ ಹೋಗಿ ಉಳಿಸಿ. ಹೂವು ಹೇಳುವುದನ್ನು ಕೇಳಿಸಿಕೊಳ್ಳಿ. ಮುಂದೆ ಆಡಿ.

ನನ್ನ ಕೈ ಓಡುವುದಿಲ್ಲ. ಸುಲಭದ ಮೋಡ್ ಇಲ್ವಾ?

ಇಲ್ಲ. ಆದರೆ ಆಟದೊಳಗೆ ಬೇರೆ ಬೇರೆ ಕಡೆ ಟೋಬಿ ಸಹಾಯ ಇಟ್ಟಿದ್ದಾನೆ. ಪಪೈರಸ್ ಅನ್ನುವ ಅಸ್ಥಿಪಂಜರದ ಹತ್ತಿರ ಮೂರು ಸಲ ಸೋತರೆ ಯುದ್ಧ ಮಾಡದೇ ಮುಂದೆ ಹೋಗಲು ಬಿಡುತ್ತಾನೆ. ಮೊದಲ ಭಾಗದಲ್ಲಿ ಜೇಡಗಳ ಅಂಗಡಿ ಬರುತ್ತದೆ, ಅಲ್ಲಿ ಒಂದು ಡೋನಟ್ ಕೊಂಡು ಇಟ್ಟುಕೊಳ್ಳಿ. ಮುಂದೆ ಮಫೆಟ್ ಅನ್ನುವ ಜೇಡದ ಹುಡುಗಿ ಎದುರಾದಾಗ ಅದನ್ನು ತಿಂದರೆ ಜಗಳವೇ ಮುಗಿಯುತ್ತದೆ. ಟೆಮ್ಮಿ ಹಳ್ಳಿಯಲ್ಲಿ ಒಂದು ಕವಚ ತುಂಬಾ ದುಬಾರಿ, ಆದರೆ ನೀವು ಎಷ್ಟು ಜಾಸ್ತಿ ಸಲ ಸತ್ತಿರುತ್ತೀರೋ ಅಷ್ಟು ಬೆಲೆ ಇಳಿಯುತ್ತದೆ. ಕಷ್ಟ ಪಡುವವರಿಗೆ ಹೀಗೆ ಗೊತ್ತಾಗದ ಹಾಗೆ ಕೈ ಕೊಡುವುದು ನನಗೆ ದೊಡ್ಡತನ ಅನಿಸುತ್ತದೆ.

ನೀಲಿ ಬಣ್ಣದ ಏಟು ಬಂದಾಗ ಅಲುಗಾಡದೆ ನಿಲ್ಲಿ, ಕಿತ್ತಳೆ ಬಂದಾಗ ಓಡಾಡುತ್ತಲೇ ಇರಿ. ಹಸಿರು ಬಂದರೆ ತಗಲಿಸಿಕೊಳ್ಳಿ, ಎಚ್‌ಪಿ ಬರುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಚೌಕದ ತುಂಬಾ ಓಡುವುದು. ಸ್ವಲ್ಪ ಸ್ವಲ್ಪ ಮಾತ್ರ ಸರಿಯಿರಿ.

ಅಂಡೈನ್‌ಳನ್ನು ಎಷ್ಟು ಸಲ ಬಿಟ್ಟರೂ ಮುಗಿಯುತ್ತಿಲ್ಲ! (ಗುಟ್ಟು ಇದೆ)

ಅಂಡೈನ್ ರಾಕ್ಷಸರ ಕಾವಲು ಪಡೆಯ ನಾಯಕಿ. ಅವಳಿಗೆ ನಿಮ್ಮ ದಯೆ ಬೇಡ, ಅದಕ್ಕೆ. ಅಲ್ಲಿ ಓಡಿಹೋಗಬೇಕು. ಹೃದಯ ಹಸಿರು ಇರುವಾಗ ಓಡಲು ಆಗಲ್ಲ, ಗುರಾಣಿ ತಿರುಗಿಸುತ್ತಾ ಈಟಿಗಳನ್ನು ತಡೆಯಬೇಕು ಅಷ್ಟೇ. ಹೃದಯ ಕೆಂಪಾದ ಕೂಡಲೇ ಮರ್ಸಿಯೊಳಗೆ ಓಡುವ ಆಯ್ಕೆ ಒತ್ತಿ. ಮತ್ತೆ ಹಿಡಿಯುತ್ತಾಳೆ, ಮತ್ತೆ ಓಡಿ. ಬಿಸಿ ನಾಡು ತಲುಪಿದ ಮೇಲೆ ಕವಚದೊಳಗಿನ ಸೆಕೆಗೆ ಅವಳೇ ಕುಸಿದು ಬೀಳುತ್ತಾಳೆ. ಪಕ್ಕದಲ್ಲೇ ನೀರಿನ ಡಬ್ಬಿ ಇದೆ. ನೀರು ತಂದು ಹಾಕಿ. ಮರೆತು ಮುಂದೆ ಹೋಗಬೇಡಿ.

ಹೃದಯದ ಬಣ್ಣ ಬದಲಾದಾಗಲೆಲ್ಲ ನಿಯಮವೂ ಬದಲಾಗುತ್ತದೆ, ಇದನ್ನು ಇಷ್ಟಪಡದವರು ಕಡಿಮೆ. ನೀಲಿಯಾದರೆ ನೆಲಕ್ಕೆ ಎಳೆತ ಬಂದು ಹಾರಬೇಕು, ನೇರಳೆಯಾದರೆ ಮೂರು ದಾರಗಳ ಮೇಲೆ ಮಾತ್ರ ಓಡಾಟ, ಹಳದಿಯಾದರೆ ನೀವೇ ಗುಂಡು ಹಾರಿಸಬಹುದು.

ಆಡುವಾಗ ಕರೆಂಟ್ ಹೋದರೆ?

ಹೊಳೆಯುವ ನಕ್ಷತ್ರ ಮುಟ್ಟಿದಾಗ ಮಾತ್ರ ಸೇವ್ ಆಗುತ್ತದೆ. ಯುದ್ಧದ ನಡುವೆ ಆಗಲ್ಲ. ಜೂನ್, ಜುಲೈ ಮಳೆಯಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಕೂತುಕೊಳ್ಳಿ.

ಎಲ್ಲರನ್ನೂ ಕೊಲ್ಲುವ ದಾರಿ ಆಡಲೇಬೇಕಾ? (ಗುಟ್ಟು ಇದೆ)

ಆಡಲೇಬೇಕು ಅಂತೇನಿಲ್ಲ. ನಮ್ಮ ಕೋಣೆಯಲ್ಲಿ ಇಬ್ಬರು ಆಡಿದ್ದಾರೆ, ನಾನು ಆಡಿಲ್ಲ.

ಅದು ಹೇಗೆಂದರೆ, ಪ್ರತಿ ಜಾಗದಲ್ಲೂ ಹುಡುಕಿ ಹುಡುಕಿ ಕೊಲ್ಲಬೇಕು. ಮೊದಲ ಭಾಗದಲ್ಲೇ 20. ಇನ್ನು ಯಾರೂ ಉಳಿದಿಲ್ಲ ಅಂದಾಗ ಯುದ್ಧದ ಪರದೆ ಬರುತ್ತದೆ, ಎದುರಿಗೆ ಯಾರೂ ಇರುವುದಿಲ್ಲ. ಸಂಗೀತ ನಿಧಾನ ಆಗಿ ಕೆಟ್ಟದಾಗಿ ಎಳೆಯುತ್ತದೆ. ಊರುಗಳು ಖಾಲಿ. ಬೇಸರ ಆಗುತ್ತದೆ, ಬೇಸರ ಆಗಲಿ ಅಂತಲೇ ಹಾಗೆ ಮಾಡಿದ್ದಾನೆ.

ಕೊನೆಯಲ್ಲಿ ಸ್ಯಾನ್ಸ್ ಅನ್ನುವ ಅಸ್ಥಿಪಂಜರ ಇದ್ದಾನೆ. ಅವನನ್ನು ಪರೀಕ್ಷಿಸಿ ನೋಡಿದರೆ ಅತಿ ಸುಲಭದ ಶತ್ರು, ಒಂದೇ ಒಂದು ಡ್ಯಾಮೇಜ್ ಮಾಡಬಲ್ಲ ಅಂತ ಬರೆದಿರುತ್ತದೆ. ಆ ಒಂದು ತಗಲಿದಷ್ಟು ಹೊತ್ತೂ ಕಳೆಯುತ್ತಲೇ ಹೋಗುತ್ತದೆ, ಜೊತೆಗೆ ವಿಷ ಬೇರೆ. ಬೇರೆ ಯಾರೂ ಮಾಡದ ಕೆಲಸ ಅವನು ಮಾಡುತ್ತಾನೆ, ನಿಮ್ಮ ಏಟನ್ನು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತಾನೆ. ಮೆನುವಿನ ಬಟನ್ ಮೇಲೂ ಮೂಳೆ ಎಸೆಯುತ್ತಾನೆ. ಕಷ್ಟದ ಯುದ್ಧ ಇಷ್ಟಪಡುವವರಿಗೆ ಇಡೀ ಆಟದ ಅತಿ ಒಳ್ಳೆಯ ಯುದ್ಧ ಇದೇ, ಅದು ಬೇಕಂದರೆ ನಾಯಿಯನ್ನೂ ಟೋರಿಯಲ್‌ಳನ್ನೂ ಕೊಂದು ಬರಬೇಕು. ಈ ಬಗ್ಗೆ ಅಭಿಮಾನಿಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ. ಆಟದೊಳಗೆ ಇಟ್ಟ ಯುದ್ಧ ಆಡಿದ್ದಕ್ಕೆ ನನ್ನನ್ನು ಯಾಕೆ ಬೈಯುತ್ತೀರಿ ಅಂತ ಕೆಲವರಿಗೆ ಸಿಟ್ಟು. ನಾನು ಆಡಲ್ಲ, ವಿಡಿಯೋದಲ್ಲಿ ನೋಡುತ್ತೇನೆ ಅಂದವರಿಗೂ ಆ ಹೂವು ಒಂದು ಮಾತು ಇಟ್ಟಿದೆ: ಕೈ ಹಾಕದೆ ನಿಂತು ನೋಡುವವರು ನಮಗಿಂತ ಕೆಟ್ಟವರು ಅನ್ನುವ ಅರ್ಥದ್ದು. ನಾನು ವಿಡಿಯೋದಲ್ಲೇ ನೋಡಿದವಳು. ಆ ಮಾತು ನನಗೆ ನಾಟಿತು.

ಈ ಯುದ್ಧ ಇಷ್ಟ ಆಗದವರು ಏನು ಹೇಳುತ್ತಾರೆ?

2015ರ ಕೊನೆಯಲ್ಲಿ ಗೇಮ್‌ಫ್ಯಾಕ್ಸ್ ಅನ್ನುವ ಜಾಲತಾಣದಲ್ಲಿ ಎಲ್ಲ ಕಾಲದ ಒಳ್ಳೆಯ ಆಟ ಯಾವುದು ಅಂತ ಮತ ಹಾಕಿದಾಗ ಹೊರಬಂದು ಕೆಲವೇ ತಿಂಗಳಾದ ಅಂಡರ್‌ಟೇಲ್ ಗೆದ್ದಿತು. ಹಳೆಯ ಆಟಗಳ ಅಭಿಮಾನಿಗಳಿಗೆ ಸಿಟ್ಟು ಬಂತು, ಆಟಕ್ಕಿಂತ ಅಭಿಮಾನಿಗಳ ಗಲಾಟೆಯನ್ನೇ ನೋಡಿ ದೂರ ಹೋದವರೂ ಇದ್ದಾರೆ. ಅದನ್ನು ಬಿಡೋಣ. ಯುದ್ಧದ ಬಗ್ಗೆ ಮಾತ್ರ ಹೇಳುವುದಾದರೆ ಅವರ ದೂರಿನಲ್ಲಿ ಎರಡು ಸರಿ.

ಒಂದು, ಆಕ್ಟ್ ಒಂದು ಒಗಟು, ಒಮ್ಮೆ ಬಿಡಿಸಿದ ಮೇಲೆ ಮುಗಿಯಿತು. ತರಕಾರಿ ರಾಕ್ಷಸನಿಗೆ ಊಟ ಅಂತ ಹೇಳಿ ಹಸಿರು ತರಕಾರಿ ತಿಂದರೆ ಸಾಕು ಅಂತ ಗೊತ್ತಾದ ಮೇಲೆ, ಅದೇ ರಾಕ್ಷಸ ಐದನೇ ಸಲ ಬಂದಾಗ ಹೊಸದೇನೂ ಇಲ್ಲ. ಎರಡು, ದೊಡ್ಡ ಶತ್ರುಗಳ ಹತ್ತಿರ ಆಕ್ಟ್‌ಗೆ ಅಷ್ಟೊಂದು ಬೆಲೆಯೇ ಇಲ್ಲ, ಅವರ ಮಾತು ಮುಗಿಯುವ ತನಕ ಬದುಕಿದ್ದರೆ ಆಯಿತು. ಕೊಲ್ಲದೆ ಆಡುವವರಿಗೆ ಮಾಡಲು ಇನ್ನಷ್ಟು ಕೊಡಬೇಕಿತ್ತು ಅಂತ ನನಗೂ ಅನಿಸುತ್ತದೆ, ಮುಖ್ಯವಾಗಿ ಬಿಸಿ ನಾಡಿನ ಉದ್ದದ ದಾರಿಯಲ್ಲಿ.

"ಆಟ ನನಗೆ ಬುದ್ಧಿ ಹೇಳುತ್ತದೆ" ಅನ್ನುವ ದೂರನ್ನು ಮಾತ್ರ ನಾನು ಒಪ್ಪಲ್ಲ. ಫೈಟ್ ಬಟನ್ ಮೊದಲಿಂದ ಕೊನೆ ತನಕ ಅಲ್ಲೇ ಇದೆ, ಯಾರೂ ಕಿತ್ತುಕೊಂಡಿಲ್ಲ.

ಡೆಲ್ಟಾರೂನ್ ಯುದ್ಧವೂ ಹೀಗೇನಾ?

ಡೆಲ್ಟಾರೂನ್ ಟೋಬಿಯ ಮುಂದಿನ ಆಟ. ತಪ್ಪಿಸಿಕೊಳ್ಳುವ ಚೌಕ ಅದೇ. ಮೂವರ ತಂಡ ಹೊಸದು. ಗುಂಡಿನ ಹತ್ತಿರ, ತಗಲದಷ್ಟು ಹತ್ತಿರ, ಹೃದಯ ಸರಿದರೆ ಟಿಪಿ ಅನ್ನುವ ಶಕ್ತಿ ತುಂಬುತ್ತದೆ, ಅದರಿಂದ ಮಂತ್ರ ಹಾಕಬಹುದು. ಅಂಡರ್‌ಟೇಲ್‌ನಲ್ಲಿ ದೂರ ಓಡುವುದನ್ನು ಕಲಿತವರು ಇಲ್ಲಿ ಹತ್ತಿರ ಹೋಗುವುದನ್ನು ಕಲಿಯಬೇಕು. ಮೊದಲ ಅಧ್ಯಾಯ 2018ರ ಅಕ್ಟೋಬರ್ 31ಕ್ಕೆ, ಎರಡನೆಯದು 2021ರ ಸೆಪ್ಟೆಂಬರ್ 17ಕ್ಕೆ ಉಚಿತವಾಗಿ ಬಂದವು. ಮೂರು ಮತ್ತು ನಾಲ್ಕು 2025ರ ಜೂನ್ 4ಕ್ಕೆ ಬಂದವು, ಆಗಿನಿಂದ ಪೂರ್ತಿ ಆಟಕ್ಕೆ ದುಡ್ಡು ಕೊಡಬೇಕು. ಮೊದಲ ಅಧ್ಯಾಯದಲ್ಲಿ ಹೊಡೆದರೂ ಯಾರೂ ಸಾಯಲ್ಲ, ಓಡಿಹೋಗುತ್ತಾರೆ. ಹಾಗಾದರೆ ಬಿಡುವುದಕ್ಕೆ ಏನು ಬೆಲೆ ಅಂತ ನಮ್ಮಲ್ಲಿ ಜೋರು ಜಗಳ ಆಗಿತ್ತು, ಎರಡನೇ ಅಧ್ಯಾಯದ ಗುಟ್ಟಿನ ದಾರಿ ನೋಡಿದ ಮೇಲೆ ಎಲ್ಲರೂ ಸುಮ್ಮನಾದರು.

ಹಳೆ ಶೈಲಿಯಲ್ಲೇ ಬೇರೆ ಥರ ಯುದ್ಧ ಇರುವ ಇನ್ನೊಂದು ಆಟ ಹೇಳಿ.

ಬೆರಳಿನ ವೇಗ ಬೇಡ ಅನ್ನುವವರಿಗೆ ಚೈನ್ಡ್ ಎಕೋಸ್, 2022ರದ್ದು, ಜರ್ಮನಿಯ ಮಥಿಯಾಸ್ ಲಿಂಡಾ ಮಾಡಿದ್ದು. ಅದರಲ್ಲಿ ಒಂದು ಪಟ್ಟಿ ಇರುತ್ತದೆ, ಅದನ್ನು ಹಸಿರಿನಲ್ಲೇ ಉಳಿಸಿಕೊಳ್ಳಬೇಕು, ಸುಮ್ನೆ ಹೊಡೆಯುತ್ತಾ ಹೋದರೆ ಕೆಂಪಿಗೆ ಹೋಗಿ ನಿಮಗೇ ಜೋರು ಏಟು ಬೀಳುತ್ತದೆ. ಪ್ರತಿ ಯುದ್ಧ ಮುಗಿದ ಮೇಲೆ ಎಚ್‌ಪಿ ಪೂರ್ತಿ ತುಂಬುತ್ತದೆ, ಹಾಗಾಗಿ ಸಣ್ಣ ಯುದ್ಧಗಳೂ ಗಟ್ಟಿ ಇವೆ.

ಹಳೆ ಲ್ಯಾಪ್‌ಟಾಪ್ ಮಾರುತ್ತಿದ್ದೇನೆ. ಸೇವ್ ಹೇಗೆ ತೆಗೆದಿಟ್ಟುಕೊಳ್ಳಲಿ? (ಗುಟ್ಟು ಇದೆ)

ವಿಜಯಪುರದವಳು ಹೋದ ತಿಂಗಳು ಕೇಳಿದ ಪ್ರಶ್ನೆ ಇದು. ಯಾರನ್ನೂ ಕೊಲ್ಲದೆ ಪೂರ್ತಿ ಮುಗಿಸಿದ ಮೇಲೆ ಆಟ ಮತ್ತೆ ತೆರೆದರೆ ಅದೇ ಹೂವು ಬಂದು, ಎಲ್ಲರೂ ಸುಖವಾಗಿದ್ದಾರೆ, ದಯವಿಟ್ಟು ಅವರನ್ನು ಹಾಗೇ ಇರಲು ಬಿಡು, ಮೊದಲಿಂದ ಶುರು ಮಾಡಬೇಡ ಅಂತ ಬೇಡಿಕೊಳ್ಳುತ್ತದೆ. ಅದಕ್ಕೇ ಅವಳು ಮತ್ತೆ ಆಡಿಲ್ಲ, ಸೇವ್ ಕಳೆದುಕೊಳ್ಳಲೂ ಮನಸ್ಸಿಲ್ಲ.

ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ತೆರೆಯಿರಿ. ಅದರೊಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಅಂಡರ್‌ಟೇಲ್ ಅಂತ ಫೋಲ್ಡರ್ ಇರುತ್ತದೆ. ಆ್ಯಪ್‌ಡೇಟಾ ಕಾಣದಿದ್ದರೆ ಮೇಲಿನ ವ್ಯೂ ಮೆನುವಿನಲ್ಲಿ ಮುಚ್ಚಿಟ್ಟ ಫೈಲ್‌ಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಅಂಡರ್‌ಟೇಲ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಅವಳು ಹಾಗೇ ಮಾಡಿದಳು, ಪೆನ್‌ಡ್ರೈವ್ ಮೇಲೆ ಚೀಟಿ ಅಂಟಿಸಿ "ಹೋಗ್ಲಿ ಬಿಡ್ರಿ" ಅಂತ ಬರೆದು ಅವರ ಅಮ್ಮನ ಕಪಾಟಿನಲ್ಲಿ ಇಟ್ಟಿದ್ದಾಳೆ.